ಒಂಬತ್ತಡಿಯ ಹಲಗೆ

ಅಲೆಗೆ ಓಟವಿದೆ, ಆಯ್ಕೆಯಿಲ್ಲ. ಹಲಗೆಗೆ ಆಯ್ಕೆಯಿದೆ, ಓಟವಿಲ್ಲ. ಆ ಆಯ್ಕೆಯೂ ದಡದಲ್ಲೇ, ಕೆತ್ತುವವನ ಕೈಯಲ್ಲೇ ಮುಗಿದುಹೋಗಿರುತ್ತದೆ.

ಲಾಂಗ್‌ಬೋರ್ಡ್ ಎನಿಸಿಕೊಳ್ಳಲು ಸರ್ಫ್ ಹಲಗೆ 9 ಅಡಿಯಾದರೂ ಇರಬೇಕು ಎನ್ನುತ್ತದೆ ಸ್ಪರ್ಧೆಯ ನಿಯಮ. ನಿಯಮದ ಅಳತೆ ಮುಗಿದಲ್ಲಿ ನೀರಿನ ಅಳತೆ ಶುರು.

ತಡೆಯನ್ನೆಲ್ಲ ಕಳೆದರೆ ವೇಗ ಸಿಗುತ್ತದೆಂದು ಹೊಸಬ ನಂಬುತ್ತಾನೆ. ತಡೆಯೇ ಇಲ್ಲದ ಹಲಗೆ ಎತ್ತ ಬೇಕಾದರೂ ಜಾರುತ್ತದೆ, ಎಲ್ಲಿಗೂ ಮುಟ್ಟಿಸುವುದಿಲ್ಲ. ತಡೆಯನ್ನು ಎಲ್ಲಿ ಉಳಿಸಿಕೊಳ್ಳಬೇಕೆಂದು ತಿಳಿದವನೇ ಹಲಗೆ ಕೆತ್ತಬಲ್ಲ.

ಉದ್ದ ಹಲಗೆ ಅಲೆಯನ್ನು ಅದರ ಎಳವೆಯಲ್ಲೇ ಹಿಡಿಯುತ್ತದೆ, ಅದಿನ್ನೂ ಬರಿಯ ಇಳಿಜಾರಾಗಿರುವಾಗ. ಗಿಡ್ಡ ಹಲಗೆ ಅಲೆ ಎದ್ದು ನಿಂತು ಬಾಗುವವರೆಗೆ ಕಾಯುತ್ತದೆ. ಮೊದಲನೆಯದಕ್ಕೆ ಸಮಯ ಸಿಗುತ್ತದೆ, ಎರಡನೆಯದಕ್ಕೆ ಬಲ.

ನೀರನ್ನು ತಳ್ಳಿ ಸಾಗುವ ಒಡಲು ತಾನೂ ಒಂದು ಅಲೆ ಎಬ್ಬಿಸುತ್ತದೆ. ಆ ಅಲೆಯೇ ಅದರ ವೇಗಕ್ಕೆ ಬೇಲಿ. ಒಡಲು ಉದ್ದವಾದಷ್ಟೂ ಬೇಲಿ ದೂರ ಸರಿಯುತ್ತದೆ, ಉದ್ದದ ವರ್ಗಮೂಲದ ಲೆಕ್ಕದಲ್ಲಿ. ಕೈಯನ್ನೇ ಹುಟ್ಟಾಗಿಸಿ ಅಲೆಯತ್ತ ಹೊರಟವನಿಗೆ ಈ ಗಣಿತ ಬೇಕಿಲ್ಲ. ಅವನ ಭುಜಗಳು ಅದನ್ನು ಬಲ್ಲವು.

ಅಲೆ ಕಡಿದಾದಾಗ ಹಲಗೆ ಆ ಬೇಲಿಯನ್ನೇ ದಾಟುತ್ತದೆ. ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೇರಿ ಜಾರತೊಡಗುತ್ತದೆ. ಕಡಲಲ್ಲಿ ಇದಕ್ಕಿಂತ ದೊಡ್ಡ ಬಿಡುಗಡೆಯಿಲ್ಲ. ಅದು ಒಂದೇ ಕ್ಷಣದ್ದಾದರೂ ಮೈ ಅದನ್ನು ಮರೆಯುವುದಿಲ್ಲ.

70 ಲೀಟರ್ ಒಡಲಿನ ಹಲಗೆ, ತನ್ನ ತೂಕವೂ ಸೇರಿ, 70 ಕಿಲೋಗಿಂತ ತುಸು ಹೆಚ್ಚೇ ಹೊರುತ್ತದೆ, ಅದೂ ನಿಂತಲ್ಲಿಯೇ. ಗಿಡ್ಡ ಹಲಗೆ ಓಡುವಾಗ ಮಾತ್ರ ಹೊರುತ್ತದೆ.

ಹೆಚ್ಚು ತೇಲುವ ಹಲಗೆಯ ಅಂಚು ನೀರಿಗಿಳಿಯಲು ಒಪ್ಪದು. ಅಂಚು ಇಳಿಯದೆ ತಿರುವಿಲ್ಲ. ಮುಳುಗಲಾರದ್ದು ಬಾಗಲಾರದು.

ಹಳೆಯ ಹವಾಯಿಯಲ್ಲಿ ಓಲೊ ಅರಸುಮನೆತನದವರ ಹಲಗೆ: 15 ಅಡಿ ಮೀರಿದ ಉದ್ದ, ದಪ್ಪ ಒಡಲು, ವಿಲಿವಿಲಿ ಎಂಬ ಹಗುರ ಮರ. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗುವ ಹಾಲವಾಣ ಅದರ ದಾಯಾದಿ. ಅಲಾಯಾ ಎಲ್ಲರ ಹಲಗೆ: ತೆಳುವು, ಗಿಡ್ಡ. ಒಡೆಯದ ಅಲೆಯಲ್ಲಿ ಓಲೊ ಹಾಯಾಗಿ ಸಾಗಿತು. ಒಡೆಯುವ ಕಡಿದಾದ ಅಲೆಯಲ್ಲಿ ಅಲಾಯಾ ಕಚ್ಚಿ ಹಿಡಿಯಿತು. ಅಂತಸ್ತು ಕೊಟ್ಟ ಉದ್ದ ತಿರುವನ್ನು ಕಿತ್ತುಕೊಂಡಿತ್ತು.

ಅಲಾಯಾದ ತಳದಲ್ಲಿ ಫಿನ್, ಅಂದರೆ ಹಿಡಿತ ಕೊಡುವ ರೆಕ್ಕೆಯಂಥ ಪಟ್ಟಿ, ಇರಲಿಲ್ಲ. ತೆಳುವಾದ ಅಂಚೇ ಅಲೆಯ ಗೋಡೆಯೊಳಗಿಳಿದು ಹಿಡಿತವಾಯಿತು. ಒಂದು ಅಂಗ ಇಲ್ಲದಾಗ ಇನ್ನೊಂದು ಅಂಗ ಅದರ ಕೆಲಸ ಕಲಿಯುತ್ತದೆ.

1914ರ ಕೊನೆಗೆ ಸಿಡ್ನಿಗೆ ಬಂದ ಹವಾಯಿಯ ಸವಾರ ಡ್ಯೂಕ್ ಕಹಾನಮೊಕು ಅಲ್ಲಿಯೇ ಸಿಕ್ಕ ಶುಗರ್ ಪೈನ್ ಮರದಲ್ಲಿ ಹಲಗೆ ಕೆತ್ತಿ, ಫ್ರೆಶ್‌ವಾಟರ್ ಕಡಲಲ್ಲಿ ಸವಾರಿ ಮಾಡಿ ತೋರಿಸಿದ. ಹಲಗೆ ಈಗಲೂ ಅಲ್ಲಿನ ಕ್ಲಬ್ಬಿನಲ್ಲಿದೆ. ಫಿನ್ ಇಲ್ಲದ ಭಾರದ ಮರವನ್ನು ತಿರುಗಿಸಿದ್ದು ಅವನ ಮೈಭಾರ. ಆ ಕಾಲದಲ್ಲಿ ವಿನ್ಯಾಸದ ಅರ್ಧ ಸವಾರನ ದೇಹದಲ್ಲೇ ಇತ್ತು.

1935ರಲ್ಲಿ ಟಾಮ್ ಬ್ಲೇಕ್ ಹಳೆಯ ದೋಣಿಯೊಂದರ ಅಡಿಪಟ್ಟಿಯನ್ನು ತನ್ನ ಹಲಗೆಯ ಬಾಲದ ಕೆಳಗೆ ಜೋಡಿಸಿದ. ಓಟಕ್ಕೆ ಅಡ್ಡ ನಿಂತ ಒಂದು ಪಟ್ಟಿ ಓಟಕ್ಕೆ ದಿಕ್ಕು ಕೊಟ್ಟಿತು.

1937ರಲ್ಲಿ ಹೊನೊಲುಲುವಿನ ಹುಡುಗರು ಅದೇ ಪ್ರಶ್ನೆಗೆ ಕೊಡಲಿಯಿಂದ ಉತ್ತರ ಕಂಡುಕೊಂಡರು. ಅಗಲ ಬಾಲದ ಹಲಗೆ ಕಡಿದಾದ ಅಲೆಯಲ್ಲಿ ಅಡ್ಡ ಜಾರುತ್ತಿತ್ತು. ಜಾನ್ ಕೆಲ್ಲಿ ಮತ್ತು ಗೆಳೆಯರು ಬಾಲವನ್ನು ಕಡಿದು ಕಿರಿದು ಮಾಡಿ, ತಳವನ್ನು ದೋಣಿಯಂತೆ ಇಳಿಜಾರಾಗಿಸಿದರು. ಹಲಗೆ ಅಲೆಯನ್ನು ಹಿಡಿದು ನಿಂತಿತು. ಬ್ಲೇಕ್ ಕೂಡಿಸಿ ಪಡೆದದ್ದನ್ನು ಇವರು ಕಳೆದು ಪಡೆದರು.

ಅಗಲ ಬಾಲ ಹೊರುತ್ತದೆ, ಹಿಡಿಯುವುದಿಲ್ಲ. ಕಿರಿದಾದ ಬಾಲ ಹಿಡಿಯುತ್ತದೆ, ಹೊರುವುದಿಲ್ಲ. ಸಣ್ಣ ಅಲೆ ಮೊದಲನೆಯದನ್ನು ಬೇಡುತ್ತದೆ, ದೊಡ್ಡ ಅಲೆ ಎರಡನೆಯದನ್ನು. ಎರಡಕ್ಕೂ ಒಂದೇ ಹಲಗೆ ಎನ್ನುವವನು ಮಾರುವವನು, ಸವಾರನಲ್ಲ.

ಕೆತ್ತುಗ ಬಾಬ್ ಸಿಮನ್ಸ್ ಹಲಗೆಯಲ್ಲಿ ವೇಗದೋಣಿಯ ತಳವನ್ನು ಕಂಡ. ನೀರ ಮೇಲೆ ಜಾರುವ ದೋಣಿಗಳ ಬಗ್ಗೆ ಲಿಂಡ್ಸೆ ಲಾರ್ಡ್ 1946ರಲ್ಲಿ ಬರೆದ ಪುಸ್ತಕದಿಂದ ಅಗಲದ ಬೆಲೆ ತಿಳಿದ. ಮರಕ್ಕೆ ಫೈಬರ್‌ಗ್ಲಾಸ್ ಹೊದಿಸಿದ, ಒಂದರ ಬದಲು ಎರಡು ಫಿನ್ ಇಟ್ಟ. 1954ರಲ್ಲಿ ಕ್ಯಾಲಿಫೋರ್ನಿಯಾದ ವಿಂಡನ್‌ಸೀ ಕಡಲಲ್ಲಿ ಸರ್ಫಿಂಗ್ ಮಾಡುತ್ತಲೇ ತೀರಿಕೊಂಡ. ಅವನ ಮಾದರಿಯ ತಳವನ್ನು ಇಂದಿಗೂ ಕೆತ್ತುತ್ತಿದ್ದಾರೆ. ಅಷ್ಟು ಮುಂದೆ ನೋಡಿದವರು ಈ ಕಸುಬಿನಲ್ಲಿ ಹೆಚ್ಚು ಮಂದಿ ಇಲ್ಲ.

1947ರಲ್ಲಿ ಜೋ ಕ್ವಿಗ್ ಡ್ಯಾರಿಲಿನ್ ಝಾನಕ್ ಎಂಬ ತರುಣಿಗಾಗಿ ಹಗುರವಾದ ಹಲಗೆ ಕೆತ್ತಿದ. ಕ್ಯಾಲಿಫೋರ್ನಿಯಾದ ಮಾಲಿಬುವಿನ ಗಂಡಸರು ಅದನ್ನು ಎರವಲು ಪಡೆದು ಓಡಿಸಿದರು. ಅಷ್ಟು ಚುರುಕಾಗಿ ತಿರುಗುವ ಹಲಗೆ ಅವರಲ್ಲಿರಲಿಲ್ಲ. ಹೆಣ್ಣಿಗೆಂದು ಇಳಿಸಿದ ತೂಕವೇ ಮುಂದೆ ಎಲ್ಲರ ಅಳತೆಯಾಯಿತು.

ಹಗುರ ಹಲಗೆ ಹೇಳಿದ್ದನ್ನು ಕೂಡಲೇ ಕೇಳುತ್ತದೆ. ಭಾರದ ಹಲಗೆ ಕೇಳಿದ್ದನ್ನು ಬಹಳ ಹೊತ್ತು ನೆನಪಿಡುತ್ತದೆ.

ಅಲೆ ನಡುವೆ ಬಲಗುಂದುವ ಜಾಗವೊಂದು ಇದ್ದೇ ಇರುತ್ತದೆ. ಅಲ್ಲಿ ಹಗುರ ಹಲಗೆಯ ಸವಾರ ಕುಪ್ಪಳಿಸಿ, ತಿದಿಯೊತ್ತಿದ ಹಾಗೆ ಕಾಲೊತ್ತಿ ವೇಗ ಹುಟ್ಟಿಸಬೇಕು. ಭಾರದ ಹಲಗೆ ಮೊದಲು ಗಳಿಸಿದ್ದನ್ನೇ ವ್ಯಯಿಸುತ್ತ ಸದ್ದಿಲ್ಲದೆ ದಾಟುತ್ತದೆ. ದೊಡ್ಡ ಹಲಗೆಯ ಸವಾರಿ ಶಾಂತವಾಗಿ ಕಂಡರೆ ಅದು ಸವಾರನ ಸ್ವಭಾವವೇ ಆಗಬೇಕಿಲ್ಲ, ತೂಕವೂ ಇರಬಹುದು.

ಪಕ್ಕದಿಂದ ನೋಡಿದಾಗ ಕಾಣುವ ಬಾಗು ರಾಕರ್. ನೇರ ತಳ ಓಡುತ್ತದೆ, ಬಾಗಿದ ತಳ ತಿರುಗುತ್ತದೆ. ನೀರು ಬಾಗನ್ನು ಸುತ್ತಿ ಬರಬೇಕು, ಸುತ್ತಿದಷ್ಟೂ ಎಳೆತ. ತಿರುಗುವ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ವೇಗ.

ಮೂತಿ ಮೇಲೇಳದ ಹಲಗೆ ಕಡಿದಾದ ಅಲೆಯಿಳಿಯುವಾಗ ನೀರಿಗೆ ಚುಚ್ಚಿಕೊಳ್ಳುತ್ತದೆ. ಮೂತಿ ಅತಿಯಾಗಿ ಎದ್ದ ಹಲಗೆ ಸಮತಟ್ಟು ನೀರನ್ನು ನೂಕುತ್ತ ನಿಧಾನವಾಗುತ್ತದೆ. ಬೀಳುವ ಭಯಕ್ಕೆ ಕೆತ್ತಿದ ಹಲಗೆ ಬೀಳುವುದಿಲ್ಲ, ಹೋಗುವುದೂ ಇಲ್ಲ.

ಅರಬ್ಬಿ ಕಡಲ ದಂಡೆಯ ನಾಡದೋಣಿಯ ಮೂತಿ ಮೇಲೆ ಬಾಗಿದೆ, ಒಡೆಯುವ ತೆರೆಗಳನ್ನು ಹತ್ತಿ ದಾಟಲೆಂದು. ಅದನ್ನು ನೋಡುತ್ತ ಬೆಳೆದ ಮೊಗವೀರರ ಮಕ್ಕಳಿಗೆ ರಾಕರ್ ಎಂದರೇನೆಂದು ವಿವರಿಸಬೇಕಿಲ್ಲ.

ಸುರಿಯುವ ನಲ್ಲಿನೀರಿಗೆ ಚಮಚದ ಬೆನ್ನು ತಾಗಿಸಿದರೆ ನೀರು ಚಮಚವನ್ನು ದೂಡುವುದಿಲ್ಲ, ತನ್ನತ್ತ ಎಳೆಯುತ್ತದೆ. ದುಂಡು ಅಂಚಿನ ಹಲಗೆಯನ್ನೂ ಅಲೆ ಹೀಗೆಯೇ ಎಳೆದು ಹಿಡಿಯುತ್ತದೆ. ಚೂಪು ಅಂಚಿನಲ್ಲಿ ನೀರು ಸುತ್ತಲಾರದೆ ಕಳಚಿಕೊಳ್ಳುತ್ತದೆ; ಹಲಗೆ ಹಗುರಾಗಿ ಮುನ್ನುಗ್ಗುತ್ತದೆ. ಮೃದು ಅಂಚಿಗೆ ಹಿಡಿತ, ಹರಿತ ಅಂಚಿಗೆ ಬಿಡುಗಡೆ. ಮುಟ್ಟಿ ನೋಡುವ ಕೈಗೆ ಇದು ತಲೆಕೆಳಗೆನಿಸುತ್ತದೆ.

ಎಷ್ಟೋ ಲಾಂಗ್‌ಬೋರ್ಡುಗಳು ಎರಡನ್ನೂ ಇಟ್ಟುಕೊಳ್ಳುತ್ತವೆ: ನಡುವಿನಲ್ಲಿ ದುಂಡು, ಬಾಲದ ಬಳಿ ಹರಿತ. ಹಿಡಿತ ಬೇಕಾದದ್ದು ನಿಂತಲ್ಲಿ, ಬಿಡುಗಡೆ ಬೇಕಾದದ್ದು ತಿರುಗುವಲ್ಲಿ.

1955ರಲ್ಲಿ ಡೇಲ್ ವೆಲ್ಜಿ ಹಲಗೆಯ ಅತಿ ಅಗಲದ ಜಾಗವನ್ನು ನಡುವಿನಿಂದ ಹಿಂದಕ್ಕೆ ಸರಿಸಿದ. ಮೂತಿ ಕಿರಿದು, ಸೊಂಟ ದಪ್ಪ. ನೋಟಕ್ಕೆ ಒರಟು, ‘ಪಿಗ್’ ಎಂದರು. ಆದರೆ ಹಿಂಗಾಲಿನ ಕೆಳಗೆ ಅಗಲವೂ ಬಾಗೂ ಇದ್ದ ಕಾರಣ ಹಲಗೆ ನಿಂತಲ್ಲಿಂದಲೇ ತಿರುಗಿತು. ಚೆಲುವು ಎಂದು ಕಣ್ಣು ಒಪ್ಪಿಕೊಂಡದ್ದು ಅಲೆಗೆ ಬೇಕಿರಲಿಲ್ಲ.

ಅಗಲ ಮುಂದಿದ್ದರೆ ಹಲಗೆ ಜಾರುವುದನ್ನು ಇಷ್ಟಪಡುತ್ತದೆ. ಅಗಲ ಹಿಂದಿದ್ದರೆ ತಿರುಗುವುದನ್ನು. ಎರಡು ಇಂಚು ಆಚೀಚೆ ಸಾಕು, ಸವಾರನ ನಿಲುವೇ ಬೇರೆಯಾಗುತ್ತದೆ.

ಗಿಡ್ಡ ಹಲಗೆಯ ಮೇಲೆ ಕಾಲು ನೆಟ್ಟಿರುತ್ತದೆ, ಹಲಗೆ ಚಲಿಸುತ್ತದೆ. ಉದ್ದ ಹಲಗೆ ನೆಟ್ಟಿರುತ್ತದೆ, ಸವಾರ ಅದರ ಮೇಲೆ ನಡೆಯುತ್ತಾನೆ: ಹಿಂದೆ ಹೋದರೆ ತಿರುವು, ಮುಂದೆ ಹೋದರೆ ವೇಗ. ಕೆಲವೇ ಅಡಿಗಳ ಅಂತರದಲ್ಲಿ ಎರಡು ಹಲಗೆಗಳಿವೆ.

ಹೆಜ್ಜೆಯ ಮುಂದೆ ಹೆಜ್ಜೆ ಹೆಣೆದು ನಡೆಯಬೇಕು. ಎಳೆದು ಸರಿಸಿದ ಕಾಲು ಹಲಗೆಯನ್ನು ಅಲುಗಿಸುತ್ತದೆ. ನಡೆಯುವವನ ಗುಟ್ಟು ಕಾಲಿನಲ್ಲಿದೆ ಎಂದು ನೋಡುವವರು ತಿಳಿಯುತ್ತಾರೆ. ಅಷ್ಟೇ ಪಾಲು ತಳದಲ್ಲಿದೆ: ಭಾರ ಮುಂದೆ ಸರಿದರೂ ಬೆದರದ ಹಲಗೆ ಇದ್ದರೆ ಮಾತ್ರ ಹೆಜ್ಜೆಗೆ ಧೈರ್ಯ.

ಹತ್ತೂ ಕಾಲ್ಬೆರಳು ಮೂತಿಯಾಚೆ ಚಾಚಿ ನಿಂತವನನ್ನು ಗಾಳಿಯಲ್ಲಿ ನಿಂತವನೆಂದು ಕಣ್ಣು ನಂಬುತ್ತದೆ. ಅವನ ಕೆಳಗೆ ಮೂತಿಯ ತಳ ಒಳಕ್ಕೆ ತಗ್ಗಾಗಿದೆ. ನೀರು ಅಲ್ಲಿ ನುಗ್ಗಿ ಮೇಲೆತ್ತುತ್ತದೆ. ಆದರೆ ಅವನನ್ನು ನಿಜಕ್ಕೂ ಹಿಡಿದಿರುವುದು 9 ಅಡಿ ಹಿಂದೆ, ಅವನಿಗೆ ಕಾಣದ ಬಾಲ. ಅಲೆಯ ಗೋಡೆಯೇರುವ ನೀರು ಬಾಲದ ಮೇಲೆ ಹರಿದು ಅದನ್ನು ಅದುಮುತ್ತದೆ. ಬಾಲದ ತಳದ ಬಾಗು, ಇಂಥ ಹಲಗೆಯಲ್ಲಿ ಬಾಲದವರೆಗೂ ದುಂಡಾಗಿಯೇ ಉಳಿದ ಅಂಚು ಎರಡೂ ಅದನ್ನು ನೀರಿಗೆ ಎಳೆದುಕೊಳ್ಳುತ್ತವೆ. ಹಿಂದೆ ಮುಳುಗಿದ್ದರಿಂದಲೇ ಮುಂದೆ ತೇಲು.

ಆದ್ದರಿಂದ ಮೂತಿ ಸವಾರಿಯ ಹಲಗೆ ನಿಧಾನದ ಹಲಗೆ. ಬಾಲದಲ್ಲಿ ಎಳೆತ ಇರಲೇಬೇಕು. ಅಲೆಯ ಬಲಿಷ್ಠ ಭಾಗವನ್ನು ಬಿಟ್ಟು ಓಡಿದ ಹಲಗೆಯ ಬಾಲವನ್ನು ಅದುಮಲು ಅಲ್ಲಿ ನೀರಿರುವುದಿಲ್ಲ. ಇಲ್ಲಿ ವೇಗ ಎಂದರೆ ಬೀಳುವ ದಾರಿ.

ನಿಧಾನವನ್ನು ಕೊರತೆಯೆಂದು ಎಣಿಸಿದ ವಿನ್ಯಾಸ ಸವಾರಿಯ ಅರ್ಧ ಸುಖವನ್ನು ಕಳೆದುಕೊಂಡಿದೆ.

1965ರಲ್ಲಿ ಟಾಮ್ ಮೋರಿ ಕ್ಯಾಲಿಫೋರ್ನಿಯಾದ ವೆಂಚುರಾದಲ್ಲಿ ಮೂತಿ ಸವಾರಿಗೆಂದೇ ಸ್ಪರ್ಧೆ ಏರ್ಪಡಿಸಿದ. ನಗದು ಬಹುಮಾನ, ಎಣಿಸಿದ್ದು ಮೂತಿಯಲ್ಲಿ ನಿಂತ ಸೆಕೆಂಡುಗಳನ್ನು. ಗಡಿಯಾರಕ್ಕೆಂದೇ ಹಲಗೆಗಳು ಹುಟ್ಟಿದವು. ಏನನ್ನು ಎಣಿಸುತ್ತೇವೋ ಹಲಗೆ ಅದರ ಆಕಾರ ತಾಳುತ್ತದೆ.

ಮರುವರ್ಷ ಸ್ಯಾನ್ ಡಿಯೇಗೊದ ವಿಶ್ವ ಸ್ಪರ್ಧೆಯಲ್ಲಿ ಮೂತಿ ಸವಾರಿಯ ದೊಡ್ಡ ಹೆಸರಾದ ಡೇವಿಡ್ ನುಯಿಹಿವಾನನ್ನು ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಹಿಂದಿಕ್ಕಿದ. ಯಂಗ್‌ನ ಹಲಗೆ ತೆಳುವು; ಅದರ ತಳದಲ್ಲಿ ಜಾರ್ಜ್ ಗ್ರೀನೋ ರೂಪಿಸಿದ ಮಾದರಿಯ ಬಳುಕುವ ಫಿನ್. ಅವನು ಮೂತಿಗೆ ನಡೆಯುವ ಬದಲು ಅಲೆಯ ಬಲಿಷ್ಠ ಭಾಗಕ್ಕೇ ಮರಳಿ ಮರಳಿ ತಿರುಗಿದ. ಉದ್ದ ಹಲಗೆಯ ಯುಗವನ್ನು ಮುಗಿಸಿದ ಆ ಹಲಗೆಯ ಉದ್ದ 9 ಅಡಿ 4 ಇಂಚು.

ಗ್ರೀನೋ ಮೀನಿನ ರೆಕ್ಕೆಯನ್ನು ನೋಡಿ ಫಿನ್ ಕೆತ್ತಿದ: ಬುಡ ಗಟ್ಟಿ, ತುದಿ ತೆಳು, ಹಿಂದಕ್ಕೆ ಬಾಗು. ತಿರುವಿನಲ್ಲಿ ಬಳುಕಿ ಬಲ ಕೂಡಿಟ್ಟು, ತಿರುವು ಮುಗಿದಾಗ ಮರಳಿ ಕೊಡುವ ಫಿನ್. ಮೀನಿಗೆ ಇದು ಹುಟ್ಟಿನಿಂದ ಬಂದದ್ದು. ಮನುಷ್ಯ ದೋಣಿಯ ಅಡಿಪಟ್ಟಿಯಿಂದ ಇಲ್ಲಿಗೆ ಬರಲು 30 ವರ್ಷ ಹಿಡಿಯಿತು.

ನೇರ ನಿಂತ ಅಗಲ ಫಿನ್ ಒಂದೇ ಬಿಂದುವಿನ ಸುತ್ತ ತಿರುಗಿಸುತ್ತದೆ, ಮೂತಿಯಲ್ಲಿ ನಿಂತಾಗ ಬಾಲವನ್ನು ಕದಲದಂತೆ ಇಡುತ್ತದೆ. ಹಿಂದಕ್ಕೆ ಬಾಗಿದ ಫಿನ್ ತಿರುವನ್ನು ಉದ್ದವಾಗಿ ಎಳೆಯುತ್ತದೆ.

ಫಿನ್ ಅನ್ನು ಅದು ಕೂರುವ ಪೆಟ್ಟಿಗೆಯಲ್ಲಿ ಅರ್ಧ ಇಂಚು ಮುಂದೆ ಸರಿಸಿ: ಹಲಗೆ ಸಡಿಲಾಗುತ್ತದೆ. ಅರ್ಧ ಇಂಚು ಹಿಂದೆ: ಗಂಭೀರವಾಗುತ್ತದೆ. ಹೊಸ ಹಲಗೆ ಕೊಳ್ಳುವ ಮುನ್ನ ಸ್ಕ್ರೂಡ್ರೈವರ್ ಹಿಡಿಯುವುದು ಮೇಲು.

1981ರಲ್ಲಿ ಸೈಮನ್ ಆ್ಯಂಡರ್ಸನ್‌ನ ಮೂರು ಫಿನ್‌ಗಳ ಹಲಗೆ ಗಿಡ್ಡ ಹಲಗೆಗಳ ಲೋಕವನ್ನೇ ಬದಲಿಸಿತು. ಲಾಂಗ್‌ಬೋರ್ಡ್ ಅದರಿಂದ ಅರ್ಧವನ್ನಷ್ಟೇ ತೆಗೆದುಕೊಂಡಿತು: ನಡುವೆ ದೊಡ್ಡದೊಂದು, ಅಕ್ಕಪಕ್ಕ ಸಣ್ಣವೆರಡು. ಎರಡು ಸಣ್ಣ ಫಿನ್‌ಗಳು ಕಡಿದಾದ ಅಲೆಯಲ್ಲಿ ಧೈರ್ಯ ಕೊಡುತ್ತವೆ. ಒಂಟಿ ಫಿನ್ ಸವಾರನಿಗೆ ತಾಳ್ಮೆ ಕಲಿಸುತ್ತದೆ.

ಒಂಟಿ ಫಿನ್ ಹಲಗೆಯನ್ನು ಆತುರಪಡಿಸಲಾಗದು. ತಿರುವನ್ನು ಮೊದಲೇ ಯೋಚಿಸಿ, ಭಾರ ಒರಗಿಸಿ, ಅದು ಒಪ್ಪುವವರೆಗೆ ಕಾಯಬೇಕು.

ಸವಾರ ಜೋಯೆಲ್ ಟ್ಯುಡರ್ ಹುಟ್ಟಿದ್ದು ಉದ್ದ ಹಲಗೆ ಮೂಲೆ ಸೇರಿದ್ದ ಕಾಲದಲ್ಲಿ. ಬಿಟ್ಟುಹೋದವರ ಆಕಾರಗಳನ್ನು ಅವನು ಮತ್ತೆ ನೀರಿಗಿಳಿಸಿದ. 1998, 2004, 2021ರಲ್ಲಿ ವಿಶ್ವ ಪ್ರಶಸ್ತಿ. ಕೊನೆಯದರ ಹೊತ್ತಿಗೆ ವಯಸ್ಸು 45. ಹಳೆಯದಾಗಿದ್ದದ್ದು ಆಕಾರವಲ್ಲ, ನೋಡುವವರ ಆಸಕ್ತಿ.

ಹವಾಯಿಯ ವೈಮಿಯಾದಂಥ ದೈತ್ಯ ಅಲೆಗೆ ಒಯ್ಯುವ ‘ಗನ್’ ಕೂಡ 9 ಅಡಿ, 10 ಅಡಿ. ಮೂತಿ ಚೂಪು, ಬಾಲ ಚೂಪು, ಮೈ ಕಿರಿದು. ಲಾಂಗ್‌ಬೋರ್ಡ್ ಅಲೆಯಲ್ಲಿ ಉಳಿಯಲು ಉದ್ದವಾಗಿದೆ, ಗನ್ ಅಲೆಯಿಂದ ಪಾರಾಗಲು. ಉದ್ದ ಒಂದೇ, ಉದ್ದೇಶ ಬೇರೆ.

ಮಾಲಿಬು ಹೊಳೆ ಹೊತ್ತು ತಂದ ಗುಂಡುಕಲ್ಲುಗಳು ಕಡಲತಳದಲ್ಲಿ ಬೀಸಣಿಗೆಯಾಗಿ ಹರಡಿವೆ. ದಕ್ಷಿಣಾರ್ಧಗೋಳದ ಚಂಡಮಾರುತ ಕಳುಹಿಸಿದ ಅಲೆ ಅವುಗಳ ಮೇಲೆ ತುದಿಯಿಂದ ತುದಿಗೆ, ಒಂದೇ ಲಯದಲ್ಲಿ ಒಡೆಯುತ್ತದೆ. ಅಂಥ ಅಲೆ ಇಲ್ಲದಿದ್ದರೆ ಮಾಲಿಬುವಿನ ಆ ಹಗುರ ಹಲಗೆ ಹುಟ್ಟುತ್ತಿರಲಿಲ್ಲ. ಹಲಗೆಯ ಮೊದಲ ಕೆತ್ತನೆ ಹೊಳೆಯದು.

ನಮ್ಮ ಕರಾವಳಿಯಲ್ಲಿ, ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ ತಳ ಕಲ್ಲಿನದಲ್ಲ, ಮರಳಿನದು. ಮಳೆಗಾಲ ದಿಬ್ಬಗಳನ್ನು ಕದಲಿಸುತ್ತದೆ. ಕಳೆದ ವರ್ಷದ ಅಲೆ ಈ ವರ್ಷ ಅಲ್ಲಿರುವುದಿಲ್ಲ. ಅಲೆ ನೆಚ್ಚಿಕೆಗೆ ನಿಲ್ಲದ ಕಡೆ ಹಲಗೆ ಕ್ಷಮಿಸುವಂಥದಾಗಿರಬೇಕು.

ಮುಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಮಳೆಗಾಲ ಕಳೆದ ಮೇಲೆ ಅಲ್ಲಿನ ಕಡಲು ಮೆತ್ತಗಾಗುತ್ತದೆ, ಮೊಣಕಾಲಿನೆತ್ತರದ ತೆರೆಗಳು ದಡಕ್ಕೆ ಬರುತ್ತವೆ. ಗಿಡ್ಡ ಹಲಗೆ ಅವನ್ನು ಅಲೆಗಳೆಂದೇ ಗುರುತಿಸುವುದಿಲ್ಲ. ಉದ್ದ ಹಲಗೆಗೆ ಅವು ಸಾಕು. ಕಡಲಲ್ಲಿ ಸವಾರಿಯ ದಿನಗಳನ್ನು ಹೆಚ್ಚಿಸುವುದೇ ಉದ್ದದ ದೊಡ್ಡ ಉಪಕಾರ.

ಮೊದಲ ದಿನದವನಿಗೂ ಕೊನೆಯ ಕಾಲದವನಿಗೂ ಉದ್ದ ಹಲಗೆಯೇ. ಇಬ್ಬರಿಗೂ ಅದು ನಿಲ್ಲಲು ನೆಲ ಕೊಡುತ್ತದೆ. ಒಬ್ಬ ಆ ನೆಲದಲ್ಲಿ ತಡವರಿಸುತ್ತಾನೆ, ಇನ್ನೊಬ್ಬ ನಡೆದಾಡುತ್ತಾನೆ.

ಸುಲಭವಾಗಿ ಹತ್ತಿಸಿಕೊಳ್ಳುವ ಹಲಗೆ ಸುಲಭವಾಗಿ ಒಲಿಯುತ್ತದೆಂದಲ್ಲ.

ಉದ್ದ ಹಲಗೆ ದೂರದಲ್ಲೇ ಅಲೆ ಹಿಡಿಯುವುದರಿಂದ ಒಳಗೆ ಕಾಯುತ್ತಿರುವವರ ಪಾಲನ್ನೂ ಕಸಿಯಬಲ್ಲದು. ವಿನ್ಯಾಸ ಕೊಟ್ಟ ಮೇಲುಗೈಯನ್ನು ಸೌಜನ್ಯ ಮಾತ್ರ ಸರಿದೂಗಿಸುತ್ತದೆ. ಕೈತಪ್ಪಿದ ಹಲಗೆಯ ಹೊಡೆತವೂ ಉದ್ದದಷ್ಟೇ ದೊಡ್ಡದು.

ಭಾರದ ಮರ, ಹಗುರ ಬಾಲ್ಸಾ ಮರ, ಫೋಮ್: ಹಲಗೆ ಹಗುರಾಗುತ್ತ ಬಂದ ದಾರಿ ಇದು. 1958ರ ಹೊತ್ತಿಗೆ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮನ್ನು ಪಳಗಿಸಿದರು. ಮರ ಕೆತ್ತುವವನಿಗೆ ತನ್ನ ಎಳೆಯ ದಿಕ್ಕು ಹೇಳುತ್ತಿತ್ತು. ಫೋಮ್ ಏನನ್ನೂ ಹೇಳದು. ಯಾವ ಆಕಾರಕ್ಕೂ ಒಪ್ಪುತ್ತದೆ, ತಪ್ಪು ಆಕಾರಕ್ಕೂ.

2005ರ ಡಿಸೆಂಬರ್‌ನಲ್ಲಿ ಕ್ಲಾರ್ಕ್ ತನ್ನ ಫೋಮ್ ಕಾರ್ಖಾನೆಯನ್ನು ಒಮ್ಮೆಗೇ ಮುಚ್ಚಿದ. ಅಮೆರಿಕದ ಬಹುಪಾಲು ಹಲಗೆಗಳು ಒಬ್ಬನ ಅಚ್ಚಿನಿಂದ ಬರುತ್ತಿದ್ದವೆಂದು ಅಂದು ಎಲ್ಲರ ಅರಿವಿಗೆ ತಟ್ಟಿತು. ಸಾವಿರ ಕೈಗಳ ವೈವಿಧ್ಯದ ಕೆಳಗೆ ಒಂದೇ ರಾಕರ್ ಅಡಗಿರಬಹುದು.

ಫೋಮಿನ ನಡುವೆ ಹಾಯುವ ಮರದ ಪಟ್ಟಿ ಸ್ಟ್ರಿಂಗರ್. ಅದು ಹಲಗೆ ಮುರಿಯದಂತೆ ಕಾಯುತ್ತದೆ. ಎಷ್ಟು ಬಳುಕಬೇಕೆಂದೂ ಅದೇ ನಿರ್ಧರಿಸುತ್ತದೆ. ಬಳುಕದ ಹಲಗೆ ಅಲೆಯ ಪ್ರತಿ ಅಲುಗಾಟವನ್ನೂ ಮೊಣಕಾಲಿಗೆ ದಾಟಿಸುತ್ತದೆ. ಅತಿ ಬಳುಕುವ ಹಲಗೆ ಸವಾರನ ಒತ್ತನ್ನು ತಾನೇ ನುಂಗುತ್ತದೆ.

ಯಂತ್ರ ಈಗ ಒಂದೇ ಹಲಗೆಯನ್ನು ನೂರು ಬಾರಿ ಕೆತ್ತಬಲ್ಲದು. ಇದನ್ನು ಹಳಿಯಬೇಕಿಲ್ಲ: ಒಳ್ಳೆಯ ಹಲಗೆಯೊಂದು ಕಳೆದುಹೋಗದಂತೆ ಉಳಿಯಿತು. ಆದರೆ ಮೊದಲ ಹಲಗೆಯನ್ನು ಕೈಯೇ ಕಂಡುಕೊಳ್ಳಬೇಕು.

ಕೆತ್ತುವ ಕೋಣೆಯ ದೀಪಗಳು ಇಬ್ಬದಿಯ ಗೋಡೆಗಳಲ್ಲಿ, ಹಲಗೆಯ ಎತ್ತರಕ್ಕೇ ಇರುತ್ತವೆ. ಮೇಲಿನ ಬೆಳಕು ಉಬ್ಬುತಗ್ಗುಗಳನ್ನು ಮುಚ್ಚಿಡುತ್ತದೆ. ಓರೆ ಬೆಳಕು ಅವನ್ನು ನೆರಳಾಗಿಸಿ ತೋರಿಸುತ್ತದೆ. ಉಪ್ಪುಕಾಗದ ಆ ನೆರಳನ್ನು ಉಜ್ಜುತ್ತದೆ.

ಮುಗಿದ ಹಲಗೆಯ ಸ್ಟ್ರಿಂಗರ್ ಬದಿಗೆ ಪೆನ್ಸಿಲ್ಲಿನಲ್ಲಿ ಮೂರು ಅಳತೆ ಬರೆಯುತ್ತಾರೆ: ಉದ್ದ, ಅಗಲ, ದಪ್ಪ. ರಾಕರ್ ಎಷ್ಟು, ಅಂಚು ಎಲ್ಲಿ ದುಂಡು ಬಿಟ್ಟು ಹರಿತವಾಯಿತು, ಮೂತಿಯ ತಳದ ತಗ್ಗು ಎಲ್ಲಿಗೆ ಮುಗಿಯಿತು ಎಂಬುದು ಅಲ್ಲಿರುವುದಿಲ್ಲ. ಕೊಳ್ಳುವವನು ಹಲಗೆಯನ್ನು ಮಗುಚಿ, ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಅಂಚಿನುದ್ದಕ್ಕೂ ಅಂಗೈ ಆಡಿಸಿ ಅವನ್ನು ಓದಿಕೊಳ್ಳಬೇಕು.